ಒಡೆಯದ ಮೊಟ್ಟೆಗಳ ಲೆಕ್ಕ: ರೇಷ್ಮೆ ಹುಳುವಿನ ಮಾರಕ ಜೀನುಗಳು

ಕಾರವಾರ, ಅಂಕೋಲೆಗಳ ಕಡೆ ಹಿಪ್ಪುನೇರಳೆ ತೋಟ ಹುಡುಕಿಕೊಂಡು ಹೊರಟರೆ ಗದ್ದೆ, ತೆಂಗು, ಗೇರು, ಇಶಾಡು ಮಾವು ಸಿಗುತ್ತವೆಯೇ ಹೊರತು ರೇಷ್ಮೆ ಹುಳು ಸಾಕುವ ಮನೆ ಸಿಗುವುದು ಕಷ್ಟ. ಕಾರಣ ಹವೆ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ಈ ಪಟ್ಟಿಯಲ್ಲಿ ಗಾಳಿಯೇ ಒದ್ದೆ. ಚಾಕಿ ಹುಳುವಿಗೆ, ಅಂದರೆ ಮೊದಲ ಎರಡು ಹಂತದ ಎಳೆ ಹುಳುವಿಗೆ, 26ರಿಂದ 28 ಡಿಗ್ರಿ ಶಾಖ, ಶೇ. 80ರಿಂದ 90ರಷ್ಟು ತೇವ ಬೇಕು. ಅಲ್ಲಿಯವರೆಗೆ ಇಲ್ಲಿನ ಮಳೆಗಾಲ ಅದಕ್ಕೆ ಒಗ್ಗಬಹುದು. ಆದರೆ ಐದನೇ ಹಂತದ ಹುಳು ಕೇಳುವುದು 23ರಿಂದ 25 ಡಿಗ್ರಿ, ಶೇ. 70ರ ಸುಮಾರಿನ ತೇವ, ಚೆನ್ನಾಗಿ ಓಡಾಡುವ ಗಾಳಿ. ಆಷಾಢದ ಅಂಕೋಲೆಯಲ್ಲಿ ಅದು ಸಿಗುವುದಿಲ್ಲ. ಬೂಷ್ಟಿನಿಂದ ಬರುವ ಸುಣ್ಣಕಟ್ಟು ರೋಗಕ್ಕೂ, ವೈರಸ್ಸಿನಿಂದ ಬರುವ ಹಾಲುತೊಂಡೆಗೂ ಇಂಥ ಹವೆಯೇ ಅನುಕೂಲ.

ಈ ರೋಗಗಳು ತರುವ ಸಾವುಗಳನ್ನು ರಾಮನಗರ, ಚನ್ನಪಟ್ಟಣ, ಕೊಳ್ಳೇಗಾಲದ ರೈತರು ಕಣ್ಣಾರೆ ಕಂಡಿದ್ದಾರೆ. ಹುಳು ಊದುತ್ತದೆ, ಸೋರುತ್ತದೆ, ಸುಣ್ಣದ ಕಡ್ಡಿಯಾಗುತ್ತದೆ. ಸುಣ್ಣ ಎರಚಿ, ಹಾಸಿಗೆ ಬದಲಿಸಿ, ಮನೆ ತೊಳೆದು ಅವನ್ನು ತಕ್ಕಮಟ್ಟಿಗೆ ತಡೆಯಬಹುದು. ಆದರೆ ಹವೆ ಎಷ್ಟೇ ಹಿತವಾಗಿರಲಿ, ಸೊಪ್ಪು ಎಷ್ಟೇ ಹಸನಾಗಿರಲಿ, ಸೋಂಕು ಸುಳಿಯದೇ ಇರಲಿ, ತಪ್ಪದೆ ಬರುವ ಇನ್ನೊಂದು ಸಾವಿದೆ. ಅದು ಹುಳುವಿನ ವರ್ಣತಂತುಗಳಲ್ಲೇ ಬರೆದಿಟ್ಟದ್ದು. ಒಂದು ಜೀನ್ ಕೆಟ್ಟಿದೆ. ಅದು ಮಾಡಬೇಕಿದ್ದ ಕೆಲಸ ಬೆಳವಣಿಗೆಯ ಒಂದು ಗೊತ್ತಾದ ಗಳಿಗೆಯಲ್ಲಿ ಅನಿವಾರ್ಯ. ಆ ಗಳಿಗೆ ಬಂದಾಗ ಜೀವ ನಿಲ್ಲುತ್ತದೆ. ಇದನ್ನೇ ತಳಿವಿಜ್ಞಾನಿಗಳು ಮಾರಕ ಉತ್ಪರಿವರ್ತನೆ ಎನ್ನುತ್ತಾರೆ. ರೇಷ್ಮೆ ಹುಳುವಿನಲ್ಲಿ ಇವುಗಳ ಅಧ್ಯಯನಕ್ಕೆ ನೂರು ವರ್ಷದ ಸಮೀಪದ ಇತಿಹಾಸವಿದೆ. ರೇಷ್ಮೆಗೇ ಹೆಸರಾದ ಕರ್ನಾಟಕದಲ್ಲಿ ಈ ಇತಿಹಾಸ ಸಾಮಾನ್ಯ ಓದುಗರಿಗೆ ತಲುಪಿದ್ದು ಬಹಳ ಕಡಿಮೆ.

ಮಾರಕ ಜೀನ್ ಎಂಬ ಕಲ್ಪನೆ ಹುಟ್ಟಿದ್ದು ಇಲಿಯಿಂದ. 1905ರಲ್ಲಿ ಫ್ರಾನ್ಸಿನ ಲುಸಿಯಾಂ ಕೇನೋ ಹಳದಿ ಇಲಿಗಳನ್ನು ಪರಸ್ಪರ ಕೂಡಿಸಿದಾಗ ಮೆಂಡೆಲ್ ಹೇಳಿದ 3:1 ಪ್ರಮಾಣ ಬರಲೇ ಇಲ್ಲ. ಬಂದದ್ದು 2:1. 1910ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಲಿಟಲ್ ಕಾರಣ ಹೇಳಿದರು: ಹಳದಿಯ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದ ಮರಿ ಹುಟ್ಟುವ ಮೊದಲೇ ಸಾಯುತ್ತದೆ, ಆ ಕಾಲು ಭಾಗ ಎಣಿಕೆಗೆ ಸಿಗುವುದೇ ಇಲ್ಲ. ಕಾರವಾರದಲ್ಲೋ ಅಂಕೋಲೆಯಲ್ಲೋ ಪ್ರಾಣಿಶಾಸ್ತ್ರದ ಪದವಿ ಓದುವ ಹುಡುಗ ಹುಡುಗಿಯರು ಇಂದಿಗೂ ಮಾರಕ ಜೀನಿಗೆ ಉದಾಹರಣೆಯಾಗಿ ಕಲಿಯುವುದು ಇದೇ ಹಳದಿ ಇಲಿಯನ್ನು. ಅವರಿಗೆ ಕಲಿಸಬೇಕಾದ ಪ್ರಾಣಿ ರೇಷ್ಮೆ ಹುಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾಡಿನ ಅಭಿಮಾನದ ಮಾತಲ್ಲ ಇದು. ಸತ್ತ ಇಲಿಮರಿ ತಾಯಿಯ ಗರ್ಭದೊಳಗೇ ಕರಗಿ ಹೋಗುತ್ತದೆ; ಅದು ಇತ್ತು ಎನ್ನುವುದನ್ನು ಪ್ರಮಾಣದಿಂದ ಊಹಿಸಬೇಕು. ರೇಷ್ಮೆ ಚಿಟ್ಟೆಯಾದರೋ ಒಂದೇ ರಾತ್ರಿಯಲ್ಲಿ ಒಂದೇ ಹಾಳೆಯ ಮೇಲೆ ನಾನ್ನೂರು, ಐನೂರು ಮೊಟ್ಟೆ ಅಂಟಿಸಿಬಿಡುತ್ತದೆ. ಒಡೆದದ್ದು, ಒಡೆಯದ್ದು ಎರಡೂ ಅದೇ ಹಾಳೆಯ ಮೇಲೆ ಉಳಿಯುತ್ತವೆ. ಸತ್ತವರ ಲೆಕ್ಕ ಇಷ್ಟು ಪೂರ್ಣವಾಗಿ ಸಿಗುವ ಪ್ರಾಣಿಗಳು ಕಡಿಮೆ.

ಪ್ರಾಣಿಗಳಿಗೂ ಮೆಂಡೆಲ್ ನಿಯಮ ಅನ್ವಯಿಸುತ್ತದೆ ಎಂದು ತೋರಿಸಿದ ಮೊದಲಿಗರಲ್ಲಿ ಜಪಾನಿನ ತೊಯಾಮಾ ಕಾಮೆತಾರೊ ಒಬ್ಬರು. ಅವರು ಆರಿಸಿಕೊಂಡದ್ದು ರೇಷ್ಮೆ ಹುಳುವನ್ನೇ, ಪ್ರಕಟಿಸಿದ್ದು 1906ರಲ್ಲಿ. ಅಲ್ಲಿಂದ ಮುಂದೆ ಜಪಾನಿನಲ್ಲಿ ವಿಕಾರ ಕಂಡ ಹುಳುವನ್ನು ಎಸೆಯದೆ ಕಾದಿಡುವ ಪದ್ಧತಿ ಬೆಳೆಯಿತು. ಫುಕುವೊಕಾದ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಇಂದು ನೂರಾರು ಉತ್ಪರಿವರ್ತಿತ ತಳಿಗಳು ಪೀಳಿಗೆಯಿಂದ ಪೀಳಿಗೆಗೆ ಉಳಿದು ಬಂದಿವೆ. ಇವುಗಳಲ್ಲಿ ಮಾರಕ ಜೀನುಗಳು ಗಣನೀಯ. ಈ ಲೇಖನದಲ್ಲಿ ಬರುವ ತಳಿಗಳಲ್ಲಿ ಹೆಚ್ಚಿನವು ಅಂಥ ಸಂಗ್ರಹಗಳ ಫಲ.

ಒಡೆಯದ ಮೊಟ್ಟೆಯನ್ನು ಓದುವುದು ಹೇಗೆ? ದ್ವಿತಳಿಯ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ನಡೆಸುವ ತಳಿಯ, ಮೊಟ್ಟೆ ಇಟ್ಟಾಗ ಹಳದಿ. ಗರ್ಭ ಕಟ್ಟಿದ್ದರೆ ಎರಡು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ತಿರುಗದೆ ಹಳದಿಯಾಗಿಯೇ ಉಳಿದು ಬತ್ತಿದ್ದು ಗರ್ಭ ಕಟ್ಟದ ಮೊಟ್ಟೆ. ಅಲ್ಲಿ ಮಾರಕ ಜೀನಿನ ಮಾತಿಲ್ಲ. ನಮ್ಮ ಮೈಸೂರು ತಳಿಯ ಮೊಟ್ಟೆ ನಿದ್ರೆಗೆ ಹೋಗುವುದಿಲ್ಲ, ಬಣ್ಣವೂ ಅಷ್ಟು ಗಾಢವಾಗುವುದಿಲ್ಲ, ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ. ಒಡೆಯುವುದಕ್ಕೆ ಎರಡು ದಿನ ಮೊದಲು ಮೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಮರಿಯ ತಲೆ. ಮರುದಿನ ಮೊಟ್ಟೆಯಿಡೀ ನೀಲಿ. ಈ ಹಂತದಲ್ಲಿ ರೈತರು ಮೊಟ್ಟೆಯನ್ನು ಕತ್ತಲೆಯಲ್ಲಿಟ್ಟು, ಎಲ್ಲ ಮರಿಗಳೂ ಒಂದೇ ಬೆಳಿಗ್ಗೆ ಹೊರಬರುವಂತೆ ನೋಡಿಕೊಳ್ಳುತ್ತಾರೆ. ಮೊಟ್ಟೆ ಚುಕ್ಕೆ ಬರುವ ಮೊದಲು ಸತ್ತಿತೋ, ಚುಕ್ಕೆಯಲ್ಲೋ, ನೀಲಿಯಾದ ಮೇಲೋ ಎಂಬುದನ್ನು ಕೈಮಸೂರದಲ್ಲೇ ನೋಡಿ ಹೇಳಬಹುದು. ಒಂದು ಮಾರಕ ಜೀನ್ ಸಾಮಾನ್ಯವಾಗಿ ಒಂದೇ ಹಂತದಲ್ಲಿ ಕೊಲ್ಲುತ್ತದೆ. ನಾನ್ನೂರರಲ್ಲಿ ನೂರರ ಸುಮಾರು ಮೊಟ್ಟೆ, ಎಲ್ಲವೂ ಒಂದೇ ಹಂತದಲ್ಲಿ, ಸತ್ತಿದ್ದರೆ ತಂದೆ ತಾಯಿ ಇಬ್ಬರೂ ಅದೇ ಕೆಟ್ಟ ಜೀನಿನ ಒಂದೊಂದು ಪ್ರತಿ ಹೊತ್ತಿದ್ದರು ಎಂಬ ಶಂಕೆ ಬಲವಾಗುತ್ತದೆ. ಅವರಿಬ್ಬರಲ್ಲೂ ಒಳ್ಳೆಯ ಪ್ರತಿಯೂ ಒಂದೊಂದು ಇದ್ದುದರಿಂದ ಅವರು ಬದುಕಿದರು. ಎರಡೂ ಕೆಟ್ಟ ಪ್ರತಿ ಪಡೆದ ಕಾಲು ಭಾಗದ ಮಕ್ಕಳು ಬದುಕಲಿಲ್ಲ.

ಶಂಕೆ ಎಂದೆ, ಏಕೆಂದರೆ ಕಾಲು ಭಾಗ ಸಾಯಲು ಇನ್ನೊಂದು ದಾರಿಯೂ ಉಂಟು. ರೇಷ್ಮೆ ಹುಳುವಿಗೆ 28 ಜೊತೆ ವರ್ಣತಂತುಗಳು. ಲಿಂಗದ ವಿಷಯದಲ್ಲಿ ಮನುಷ್ಯರಿಗೆ ತಿರುಗುಮುರುಗು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಕೆಟ್ಟ ಜೀನ್ ಝಡ್ ಮೇಲಿದ್ದು, ತಂದೆ ಅದನ್ನು ಒಂದು ಝಡ್‌ನಲ್ಲಿ ಮಾತ್ರ ಹೊತ್ತಿದ್ದರೆ ಗಂಡು ಮಕ್ಕಳಿಗೆಲ್ಲ ತಾಯಿಯ ಒಳ್ಳೆಯ ಝಡ್ ಕಾವಲು. ಹೆಣ್ಣು ಮಕ್ಕಳಿಗೆ ಬರುವುದು ತಂದೆಯ ಝಡ್ ಒಂದೇ. ಅವರಲ್ಲಿ ಅರ್ಧದಷ್ಟು ಸಾಯುತ್ತಾರೆ. ಅಂದರೆ ಮೊಟ್ಟೆಗಳ ಒಟ್ಟು ಲೆಕ್ಕದಲ್ಲಿ ಮತ್ತೆ ಕಾಲು ಭಾಗ. ಒಡೆಯದ ಮೊಟ್ಟೆಯನ್ನಷ್ಟೇ ಎಣಿಸಿ ಕೂತವರಿಗೆ ಎರಡೂ ಒಂದೇ ರೀತಿ ಕಾಣುತ್ತದೆ. ಬದುಕಿದವರನ್ನು ಗೂಡು ಕಟ್ಟುವವರೆಗೆ ಸಾಕಿ, ಗೂಡಿನೊಳಗಿನ ಕೋಶಗಳನ್ನು ತಿರುಗಿಸಿ ನೋಡಬೇಕು. ಹೊಟ್ಟೆಯ ಎಂಟನೇ ಉಂಗುರದ ಮೇಲೆ ಗುಣಿಸು ಚಿಹ್ನೆಯಂಥ ಗೆರೆ ಇದ್ದರೆ ಹೆಣ್ಣು, ಒಂಬತ್ತನೆಯದರ ಮೇಲೆ ಚುಕ್ಕೆ ಇದ್ದರೆ ಗಂಡು. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಕೆಲಸ ಮಾಡುವ ಹೆಂಗಸರು ಇದನ್ನು ಒಂದು ನೋಟದಲ್ಲಿ ವಿಂಗಡಿಸುತ್ತಾರೆ. ಗಂಡು ಹೆಣ್ಣು ಸಮವಾಗಿದ್ದರೆ ಮಾರಕ ಜೀನ್ ಸಾಮಾನ್ಯ ವರ್ಣತಂತುವಿನಲ್ಲಿದೆ. ಒಂದು ಹೆಣ್ಣಿಗೆ ಎರಡು ಗಂಡು ಬಂದರೆ ಅದು ಝಡ್ ಮೇಲಿದೆ. ಬಿತ್ತನೆ ಕೋಠಿಯ ದಿನನಿತ್ಯದ ಕೈಕೆಲಸ ಇಲ್ಲಿ ತಳಿವಿಜ್ಞಾನದ ಪರೀಕ್ಷೆಯೇ ಆಗಿಬಿಡುತ್ತದೆ. ದುಬಾರಿ ಯಂತ್ರವಿಲ್ಲದ ಕಾಲೇಜಿನಲ್ಲೂ ಇದನ್ನು ಮಾಡಬಹುದು.

ಇಲ್ಲಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಝಡ್ ಮೇಲಿನ ಮಾರಕ ಜೀನ್ ಪ್ರತಿ ಪೀಳಿಗೆಯಲ್ಲೂ ಹೆಣ್ಣುಗಳಲ್ಲಿ ಬಯಲಾಗಿ ಬೇಗ ಕಳಚಿಹೋಗುತ್ತದೆ. ಉಳಿದ 27 ಜೊತೆಗಳಲ್ಲಿ ಅಡಗಿದ್ದು ತಲೆಮಾರುಗಟ್ಟಲೆ ಹಾಗೇ ಇರುತ್ತದೆ. ಹತ್ತಿರದ ಸಂಬಂಧದಲ್ಲಿ ಕೂಡಿಸಿದಾಗ ಮಾತ್ರ ತಲೆ ಎತ್ತುತ್ತದೆ. ಮಿಶ್ರತಳಿ ಏಕೆ ಗಟ್ಟಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪುವಿನ ಕಾಲದಲ್ಲಿ ಬೇರೂರಿದ ಮೈಸೂರಿನ ಸಾಕಣೆ ಮೈಸೂರು ತಳಿಯೊಂದನ್ನು ಉಳಿಸಿಕೊಂಡು ಬಂತು: ಹಸಿರುಹಳದಿ ಗೂಡು, ನೂಲು ಕಡಿಮೆ, ಬಿಸಿಲು ತಡೆಯುವ ಶಕ್ತಿ ಹೆಚ್ಚು. ಅದರ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿದ ಮಿಶ್ರತಳಿಯೇ ಬಹುಕಾಲ ನಮ್ಮ ರೈತರ ಜೀವನ ನಡೆಸಿತು. 1961ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ಜಪಾನಿನ ತಜ್ಞರ ನೆರವಿನೊಂದಿಗೆ ಸಿಎಸ್‌ಆರ್ ಸರಣಿಯನ್ನು ತಯಾರಿಸಿ, 1997ರಲ್ಲಿ ಸಿಎಸ್‌ಆರ್2 × ಸಿಎಸ್‌ಆರ್4 ದ್ವಿತಳಿಯನ್ನು ರೈತರಿಗೆ ಕೊಟ್ಟಿತು. ಎರಡು ಬೇರೆ ತಳಿಗಳು ಅದೇ ಜಾಗದಲ್ಲಿ ಅದೇ ಕೆಟ್ಟ ಪ್ರತಿಯನ್ನು ಹೊತ್ತಿರುವ ಸಂಭವ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಆ ಮಿಶ್ರತಳಿಯ ಗೂಡಿನಿಂದಲೇ ಮತ್ತೆ ಬಿತ್ತನೆ ಮಾಡಿದರೆ ಮುಚ್ಚಿದ್ದೆಲ್ಲ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ನೂಲಿನ ಗೂಡನ್ನು ಬಿತ್ತನೆಗೆ ಬಳಸಬಾರದು ಎಂದು ರೇಷ್ಮೆ ಇಲಾಖೆಯವರು ಹೇಳುವುದರ ಹಿಂದೆ, ಕೇಂದ್ರ ರೇಷ್ಮೆ ಮಂಡಳಿಯ 2006ರ ತಿದ್ದುಪಡಿ ಕಾಯ್ದೆ ಬಿತ್ತನೆಯನ್ನು ನಿಯಂತ್ರಣಕ್ಕೆ ತಂದದ್ದರ ಹಿಂದೆ ರೋಗದ ಭಯದ ಜೊತೆಗೆ ಈ ಕಾರಣವೂ ಇದೆ.

ಮೊಟ್ಟೆಯೊಳಗಿನ ಸಾವುಗಳಲ್ಲಿ ಅತ್ಯಂತ ವಿಸ್ಮಯದ್ದು ಆರನೇ ವರ್ಣತಂತುವಿನ ಇ ಗುಂಪಿನದು. ಈ ಗುಂಪಿನ ಉತ್ಪರಿವರ್ತನೆಗಳಲ್ಲಿ ಹುಳುವಿನ ಹೊಟ್ಟೆಯ ಮೇಲಿನ ಚಂದ್ರಾಕಾರದ ಗುರುತುಗಳೂ ಹುಸಿಗಾಲುಗಳೂ ಸ್ಥಳ ಬದಲಿಸುತ್ತವೆ. ಇವುಗಳಲ್ಲಿ ಇ-ಎನ್ ಎಂಬುದರ ಎರಡೂ ಪ್ರತಿ ಬಂದ ಭ್ರೂಣದಲ್ಲಿ ಹೊಟ್ಟೆಯ ಉಂಗುರಗಳೆಲ್ಲ ತಾವು ಎದೆಯೆಂದು ತಿಳಿದವುಗಳಂತೆ ಎದೆಗಾಲುಗಳನ್ನು ಹೊರಡಿಸುತ್ತವೆ. ಉದ್ದಕ್ಕೂ ಕಾಲುಗಳಿರುವ ಆ ಮರಿ ಮೊಟ್ಟೆಯೊಡೆದು ಬರುವುದಿಲ್ಲ. 1992ರಲ್ಲಿ ಜಪಾನಿನ ವಿಜ್ಞಾನಿಗಳು ಆ ಭ್ರೂಣದ ಡಿಎನ್‌ಎಯಲ್ಲಿ ಎರಡು ಜೀನುಗಳೇ ಇಲ್ಲದಿರುವುದನ್ನು ತೋರಿಸಿದರು. ಹಣ್ಣುನೊಣದಲ್ಲಿ ಅಲ್ಟ್ರಾಬೈಥೊರಾಕ್ಸ್, ಅಬ್ಡಾಮಿನಲ್-ಎ ಎಂದು ಕರೆಯುವ ಜೀನುಗಳವು. ಯಾವ ಉಂಗುರ ಹೊಟ್ಟೆಯಾಗಬೇಕು ಎಂಬ ಆಜ್ಞೆ ಕೊಡುವವು ಅವೇ. ಸತ್ತ ಭ್ರೂಣವನ್ನು ಒಂದು ವಿಕಾರವೆಂದು ಬದಿಗಿಟ್ಟಿದ್ದರೆ ನೊಣಕ್ಕೂ ರೇಷ್ಮೆ ಹುಳುವಿಗೂ ದೇಹ ಕಟ್ಟುವ ಆಜ್ಞೆ ಒಂದೇ ಎಂಬುದು ತಿಳಿಯುತ್ತಿರಲಿಲ್ಲ. ನೊಣದ ಭ್ರೂಣಗಳನ್ನು ಕೊಲ್ಲುವ ಉತ್ಪರಿವರ್ತನೆಗಳನ್ನೇ ಸಾಲಾಗಿ ಹುಡುಕಿದ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಟ್ ಮತ್ತು ಎರಿಕ್ ವೀಶೌಸ್ 1995ರಲ್ಲಿ ನೊಬೆಲ್ ಪಡೆದದ್ದು ಇದೇ ತರ್ಕದ ಬಲದಿಂದ.

ತಪ್ಪು ಮಗುವಿನದಲ್ಲದ ಸಾವೂ ಇದೆ. ಜಿಆರ್-ಬಿ ಎಂಬ ಉತ್ಪರಿವರ್ತನೆಯಲ್ಲಿ ಮೊಟ್ಟೆಯ ಚಿಪ್ಪು ಕಟ್ಟುವ ಜೀನುಗಳ ಒಂದು ದೊಡ್ಡ ಗುಂಪೇ ತಾಯಿಯಲ್ಲಿ ಇಲ್ಲ. ಅವಳು ಇಟ್ಟ ಮೊಟ್ಟೆಯ ಚಿಪ್ಪು ತೆಳು. ಒಳಗಿನ ಜೀವ ಸರಿಯಿದ್ದರೂ ಮೊಟ್ಟೆ ಒಣಗಿ ಕುಸಿಯುತ್ತದೆ.

ಜೀವರಸಾಯನದ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಲೆಮನ್ ತಳಿಯ ಕಥೆ. ಲೆಮನ್ ಹುಳು ಹೆಸರಿಗೆ ತಕ್ಕಂತೆ ನಿಂಬೆಹಳದಿ. ಚರ್ಮದಲ್ಲಿ ಸೆಪಿಯಾಪ್ಟೆರಿನ್ ಎಂಬ ಹಳದಿ ವಸ್ತು ತುಂಬಿಕೊಂಡಿರುತ್ತದೆ. ಅದು ಬದುಕುತ್ತದೆ, ಗೂಡೂ ಕಟ್ಟುತ್ತದೆ. ಇದೇ ಜೀನಿನ ಇನ್ನೊಂದು ರೂಪ ಲೆಮನ್ ಲೀಥಲ್. ಅದರ ಎರಡು ಪ್ರತಿ ಬಂದ ಮರಿ ಮೊಟ್ಟೆಯೊಡೆದು ಬರುತ್ತದೆ, ಆದರೆ ಮೊದಲ ಜ್ವರದ ಆಸುಪಾಸಿನಲ್ಲಿ, ಅಂದರೆ ಮೊದಲ ಸಲ ಪೊರೆ ಕಳಚುವ ಹೊತ್ತಿನಲ್ಲಿ, ಸೊಪ್ಪು ತಿನ್ನಲಾರದೆ ಸಾಯುತ್ತದೆ. ಅದರ ದವಡೆ ಕಪ್ಪಾಗಿ ಗಟ್ಟಿಯಾಗುವುದೇ ಇಲ್ಲ. ಎದುರಿಗೆ ಎಳೆ ಸೊಪ್ಪಿದೆ, ಹಸಿವಿದೆ, ಕೊರೆಯುವ ಹಲ್ಲು ಮೆದು.

ಹಳದಿ ಬಣ್ಣಕ್ಕೂ ಮೆದು ದವಡೆಗೂ ಏನು ಸಂಬಂಧ? ಜೀವಕೋಶದೊಳಗೆ ಜಿಟಿಪಿ ಎಂಬ ಅಣುವಿನಿಂದ ಹಲವು ಹೆಜ್ಜೆಗಳಲ್ಲಿ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಾಯಕ ಅಣು ತಯಾರಾಗುತ್ತದೆ. ಕೊನೆಯ ಹೆಜ್ಜೆ ಸೆಪಿಯಾಪ್ಟೆರಿನ್ ರಿಡಕ್ಟೇಸ್ ಎಂಬ ಕಿಣ್ವದ್ದು. ಲೆಮನ್‌ನಲ್ಲಿ ಕೆಟ್ಟಿರುವುದು ಈ ಕಿಣ್ವದ ಜೀನ್. 2009ರಲ್ಲಿ ಜಪಾನಿನ ಪ್ರಯೋಗಾಲಯವೊಂದು ಇದನ್ನು ಖಚಿತಪಡಿಸಿತು. ಕೊನೆಯ ಹೆಜ್ಜೆ ಕಟ್ಟಿಹೋದ್ದರಿಂದ ಅದರ ಹಿಂದಿನ ಹಳದಿ ವಸ್ತು ಗುಡ್ಡೆಬೀಳುತ್ತದೆ, ಅದು ಬಣ್ಣ. ಮುಂದೆ ಬರಬೇಕಾದ ಸಹಾಯಕ ಅಣು ಬರುವುದಿಲ್ಲ, ಅದು ಸಾವು. ಏಕೆಂದರೆ ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ ಡೋಪಾ, ಅದರಿಂದ ಡೋಪಮೈನ್ ಮಾಡುವ ಕಿಣ್ವಸರಣಿಯ ಮೊದಲ ಹೆಜ್ಜೆ ಈ ಸಹಾಯಕ ಅಣುವಿಲ್ಲದೆ ನಡೆಯದು. ಕೀಟಗಳಲ್ಲಿ ಡೋಪಮೈನ್ ನರಗಳ ನಡುವಿನ ಸುದ್ದಿ ಒಯ್ಯುವುದು ಮಾತ್ರವಲ್ಲ, ಮೈಯ ಹೊರಕವಚದ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ ಮಾಡುವ ವಸ್ತುಗಳಿಗೂ ಮೂಲ. ಬೆಸುಗೆ ಇಲ್ಲದೆ ದವಡೆ ಗಟ್ಟಿಯಾಗದು. ಸಂಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ಸಾಯಲಿರುವ ಮರಿಗಳಿಗೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಅಥವಾ ಡೋಪಮೈನನ್ನು ಉಣಿಸಿದರು. ಮರಿಗಳು ತಿನ್ನತೊಡಗಿದವು, ಹೆಚ್ಚು ಸಂಖ್ಯೆಯಲ್ಲಿ ಬದುಕಿದವು. ಯಾವ ಹೆಜ್ಜೆ ಕಟ್ಟಿಹೋಗಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಮನುಷ್ಯರಲ್ಲಿಯೂ ಸೆಪಿಯಾಪ್ಟೆರಿನ್ ರಿಡಕ್ಟೇಸ್ ಕೊರತೆಯೆಂಬ ಅಪರೂಪದ ಹುಟ್ಟುಕಾಯಿಲೆ ಇದೆ. ಮಕ್ಕಳ ಚಲನೆ, ಮಾತು, ನಿದ್ರೆ ಕೆಡುತ್ತವೆ. ಡೋಪಾದಂಥ ಔಷಧಗಳಿಂದ ಚೇತರಿಕೆ ಸಾಧ್ಯ. ಅದೇ ಕಿಣ್ವ, ಅದೇ ಕಟ್ಟು, ಅದೇ ಬಗೆಯ ಪರಿಹಾರ. ಹುಳುವಿನ ದವಡೆಯಿಂದ ಮಗುವಿನ ಮಿದುಳಿಗೆ ಹೋಗುವ ಈ ದಾರಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ಒಂದು ತರಗತಿಯಲ್ಲಿ ಬಿಡಿಸಿ ಹೇಳಿದರೆ ಜೀವರಸಾಯನವೆಂದರೆ ಬಾಯಿಪಾಠದ ಬಾಣಗುರುತುಗಳೆಂಬ ಭಾವನೆ ಹೋಗುತ್ತದೆ.

ಪೊರೆ ಕಳಚುವುದೇ ಆಗದ ತಳಿಯೂ ಇದೆ. ನಾನ್-ಮೋಲ್ಟಿಂಗ್ ಗ್ಲಾಸಿ ಎಂದು ಅದರ ಹೆಸರು. ಮರಿ ತಿನ್ನುತ್ತದೆ, ಮೈ ಹೊಳೆಯುತ್ತದೆ, ಜ್ವರಕ್ಕೆ ಕೂರಬೇಕಾದ ಹೊತ್ತು ಬಂದರೂ ಪೊರೆ ಬಿಡದೆ ಸಾಯುತ್ತದೆ. ಪೊರೆ ಕಳಚಿಸುವ ಹಾರ್ಮೋನು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ರೇಷ್ಮೆ ಕೋಶಗಳಿಂದಲೇ. 500 ಕಿಲೋ ಕೋಶದಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಕೊಲೆಸ್ಟರಾಲಿನಿಂದ ಎಕ್ಡೈಸೋನಿನವರೆಗಿನ ಹಾದಿಯ ನಡುವೆ ಒಂದು ಭಾಗ ರಸಾಯನತಜ್ಞರಿಗೆ ಕಾಣದೆ ಉಳಿದಿತ್ತು. ಅದನ್ನು ಕಪ್ಪುಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಈ ಹೊಳೆಯುವ ಹುಳುವಿನಲ್ಲಿ ಕೆಟ್ಟಿರುವುದು ಆ ಪೆಟ್ಟಿಗೆಯೊಳಗೆ ಕೆಲಸ ಮಾಡುವ ಕಿಣ್ವವೆಂದು 2010ರಲ್ಲಿ ಗೊತ್ತಾಯಿತು. ಹೊರಗಿನಿಂದ ಹಾರ್ಮೋನು ಕೊಟ್ಟರೆ ಬೆಳವಣಿಗೆ ಮುಂದುವರಿಯುತ್ತದೆ. ಕೋಶವನ್ನು ಕ್ವಿಂಟಾಲುಗಟ್ಟಲೆ ಅರೆದು ಹುಡುಕುತ್ತಿದ್ದ ರಸಾಯನಶಾಸ್ತ್ರಕ್ಕೆ ಸಿಗದ ಹೆಜ್ಜೆಯನ್ನು ಸಾಯುವ ಮರಿಯೊಂದು ತೋರಿಸಿತು.

ಇದರ ಎದುರು ನೇಕೆಡ್ ಎಂಬ ತಳಿಯನ್ನಿಟ್ಟು ನೋಡಬೇಕು. ರೇಷ್ಮೆಯ ಮುಖ್ಯ ಪ್ರೋಟೀನು ಫೈಬ್ರಾಯಿನ್. ಅದರ ಭಾರದ ಸರಪಳಿ, ಹಗುರದ ಸರಪಳಿ ಎರಡೂ ಗಂಧಕದ ಬಂಧದಿಂದ ಕೂಡಿದ ಮೇಲೆಯೇ ಗ್ರಂಥಿಯಿಂದ ಹೊರಬರುವುದು. ಹಗುರ ಸರಪಳಿ ಕೆಟ್ಟ ತಳಿಯಲ್ಲಿ ಕೂಡಿಕೆ ಆಗದೆ ರೇಷ್ಮೆ ಒಳಗೇ ಉಳಿಯುತ್ತದೆ. ಹುಳು ಬರಿಮೈಯಲ್ಲಿ ಕೋಶವಾಗುತ್ತದೆ, ಚಿಟ್ಟೆಯಾಗುತ್ತದೆ, ಮೊಟ್ಟೆಯಿಡುತ್ತದೆ. ರೈತನಿಗೆ ಇದು ಪೂರ್ತಿ ನಷ್ಟ, ಹುಳುವಿಗೆ ಸಾವಲ್ಲ. ಯಾವುದಕ್ಕಾಗಿ ನಾವು ಅದನ್ನು ಸಾವಿರಾರು ವರ್ಷ ಸಾಕಿದೆವೋ ಅದು ಅದರ ಬದುಕಿಗೆ ಅನಿವಾರ್ಯವಲ್ಲ. ಯಾರೂ ಹೆಸರು ಕೇಳದ ಒಂದು ಸಹಾಯಕ ಅಣು ಅನಿವಾರ್ಯ.

ಮಾರಕವೆಂಬುದು ಸನ್ನಿವೇಶವನ್ನೂ ಅವಲಂಬಿಸುತ್ತದೆ. ಎನ್‌ಎಸ್‌ಡಿ-2 ಎಂಬ ಉತ್ಪರಿವರ್ತನೆಯಲ್ಲಿ ಕರುಳಿನ ಒಂದು ಸಾಗಣೆ ಪ್ರೋಟೀನಿನ ಜೀನಿನಿಂದ ಸುಮಾರು ಆರು ಸಾವಿರ ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿದೆ. ಹುಳುವಿಗೆ ತೊಂದರೆಯೇ ಇಲ್ಲ. ಬದಲಾಗಿ, ಡೆನ್ಸೊ ವೈರಸ್‌ನ ಒಂದು ಬಗೆ ಬಂದಾಗ ಸರಿಯಾದ ಜೀನ್ ಇರುವ ಹುಳುಗಳು ಸಾಯುತ್ತವೆ, ಇದು ಬದುಕುತ್ತದೆ. ವೈರಸ್ ಒಳನುಗ್ಗಲು ಆ ಪ್ರೋಟೀನೇ ಬಾಗಿಲು. 2008ರಲ್ಲಿ ಇದು ಬೆಳಕಿಗೆ ಬಂತು. ಹಾಲುತೊಂಡೆಯ ವೈರಸ್ಸಿಗೆ ಇಷ್ಟು ಸುಲಭದ ತಡೆ ಸಿಕ್ಕಿಲ್ಲ. ಬೆಂಗಳೂರಿನ ಸೆರಿಬಯೋಟೆಕ್ ಪ್ರಯೋಗಾಲಯದಲ್ಲಿ ದುಡಿದು ಆಮೇಲೆ ಹೈದರಾಬಾದಿನ ಸಿಡಿಎಫ್‌ಡಿ ಸಂಶೋಧನಾ ಸಂಸ್ಥೆ ಸೇರಿದ ಜೆ. ನಾಗರಾಜು ಅವರ ತಂಡ ದಾರಿಯನ್ನು ತಿರುಗಿಸಿ ನೋಡಿತು: ವೈರಸ್ಸಿಗೇ ಯಾವ ಜೀನುಗಳಿಲ್ಲದೆ ಬದುಕಿಲ್ಲವೋ ಅಂಥ ಹಲವನ್ನು ಒಟ್ಟಿಗೆ ಅಡಗಿಸುವ ಆರ್‌ಎನ್‌ಎಯನ್ನು ಹುಳುವೇ ತಯಾರಿಸುವಂತೆ ಮಾಡಿತು. ಆ ಕೆಲಸ 2013ರಲ್ಲಿ ಅಚ್ಚಾದಾಗ ನಾಗರಾಜು ಇರಲಿಲ್ಲ, 2012ರಲ್ಲೇ ತೀರಿಕೊಂಡಿದ್ದರು. ಭಾರತದ ರೇಷ್ಮೆ ತಳಿವಿಜ್ಞಾನಕ್ಕೆ ಅದು ದೊಡ್ಡ ಪೆಟ್ಟು.

ಈಗ ಲಿಂಗದ ಪ್ರಶ್ನೆಗೆ ಮರಳಬೇಕು, ಏಕೆಂದರೆ ಸಾವನ್ನು ಉಪಯೋಗಕ್ಕೆ ತಂದದ್ದು ಅಲ್ಲೇ. ಗಂಡು ಹುಳು ತಿಂದ ಸೊಪ್ಪಿನ ಹೆಚ್ಚು ಪಾಲನ್ನು ರೇಷ್ಮೆಯಾಗಿಸುತ್ತದೆ. ಹೆಣ್ಣು ಮೊಟ್ಟೆಗೂ ಕೂಡಿಡಬೇಕು. ಗಂಡಿನ ಗೂಡಿನಲ್ಲಿ ರೇಷ್ಮೆಯ ಪ್ರಮಾಣ ಹೆಚ್ಚು, ಎಳೆ ನಯ. ಗಂಡನ್ನೇ ಸಾಕಿದರೆ ಹೇಗೆ? ಸೋವಿಯತ್ ವಿಜ್ಞಾನಿ ವ್ಲಾದಿಮಿರ್ ಸ್ತ್ರುನ್ನಿಕೊವ್ ಇದಕ್ಕೆ ಕಟ್ಟಿದ ವ್ಯವಸ್ಥೆ 1975ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಕಿರಣದಿಂದ ಝಡ್ ಮೇಲೆ ಎರಡು ಬೇರೆ ಬೇರೆ ಜಾಗಗಳಲ್ಲಿ ಎರಡು ಮಾರಕ ಜೀನುಗಳನ್ನು ಮಾಡಿಕೊಂಡರು. ಎಲ್-1, ಎಲ್-2 ಎನ್ನೋಣ. ಗಂಡಿನ ಒಂದು ಝಡ್‌ನಲ್ಲಿ ಎಲ್-1, ಇನ್ನೊಂದರಲ್ಲಿ ಎಲ್-2. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಗಂಡು ಆರೋಗ್ಯವಾಗಿದೆ. ಅದನ್ನು ಯಾವುದೇ ಸಾಮಾನ್ಯ ಹೆಣ್ಣಿಗೆ ಕೂಡಿಸಿದರೆ ಹೆಣ್ಣು ಭ್ರೂಣಕ್ಕೆ ಎಲ್-1 ಬರಬೇಕು ಇಲ್ಲವೇ ಎಲ್-2 ಬರಬೇಕು, ಎರಡರಲ್ಲೂ ಸಾವು. ಗಂಡುಗಳಿಗೆಲ್ಲ ತಾಯಿಯ ಒಳ್ಳೆಯ ಝಡ್ ಇದೆ. ಅರ್ಧ ಮೊಟ್ಟೆ ಒಡೆಯುವುದಿಲ್ಲ, ಒಡೆದದ್ದೆಲ್ಲ ಗಂಡು.

ಆ ಗಂಡಿನ ತಳಿಯನ್ನೇ ಉಳಿಸಿಕೊಳ್ಳುವುದು ಹೇಗೆಂಬುದು ಇನ್ನೂ ಜಾಣ್ಮೆಯ ಭಾಗ. ಅದರ ಜೋಡಿಯ ಹೆಣ್ಣಿನ ಝಡ್‌ನಲ್ಲಿ ಎಲ್-1 ಇದೆ, ಆದರೆ ಡಬ್ಲ್ಯುಗೆ ಝಡ್‌ನ ಒಂದು ತುಂಡನ್ನು ಅಂಟಿಸಿ ಎಲ್-1ರ ಒಳ್ಳೆಯ ಪ್ರತಿಯನ್ನು ಅಲ್ಲಿ ಇಟ್ಟಿದೆ. ಈ ಜೋಡಿಯ ಮಕ್ಕಳಲ್ಲಿ ಎರಡೂ ಎಲ್-1 ಬಂದ ಗಂಡು ಸಾಯುತ್ತದೆ, ಎಲ್-1 ಮತ್ತು ಎಲ್-2 ಬಂದ ಗಂಡು ಉಳಿಯುತ್ತದೆ. ಎಲ್-1 ಬಂದ ಹೆಣ್ಣನ್ನು ಅಂಟಿಸಿದ ತುಂಡು ಕಾಯುತ್ತದೆ, ಎಲ್-2 ಬಂದ ಹೆಣ್ಣಿಗೆ ಕಾಯುವವರಿಲ್ಲ. ಉಳಿದವರು ತಂದೆ ತಾಯಿಯರ ತದ್ರೂಪ. ಎರಡು ಸಾವುಗಳು ಒಂದನ್ನೊಂದು ತಡೆದು ನಿಲ್ಲಿಸುವ ಇಂಥ ಸಮತೋಲಿತ ಮಾರಕ ವ್ಯವಸ್ಥೆಯನ್ನು ಹಣ್ಣುನೊಣದಲ್ಲಿ ಮೊದಲು ವಿವರಿಸಿದ್ದು ಹರ್ಮನ್ ಮುಲ್ಲರ್, 1918ರಲ್ಲಿ. ವರ್ಣತಂತುವಿನ ತುಂಡನ್ನು ಡಬ್ಲ್ಯುಗೆ ಅಂಟಿಸುವ ಉಪಾಯವನ್ನು ರೇಷ್ಮೆಯಲ್ಲಿ ತೋರಿಸಿಕೊಟ್ಟವರು ಜಪಾನಿನ ತಾಜಿಮಾ ಯತಾರೊ. 1940ರ ದಶಕದಲ್ಲಿ ಎಕ್ಸ್-ಕಿರಣ ಬಳಸಿ ಮೈಗುರುತಿನ ಜೀನನ್ನು ಡಬ್ಲ್ಯು ಮೇಲೆ ಕೂರಿಸಿ, ಗುರುತಿದ್ದದ್ದು ಹೆಣ್ಣು, ಇಲ್ಲದ್ದು ಗಂಡು ಎಂದು ಹುಳುವಿನಲ್ಲೇ ಬೇರ್ಪಡಿಸುವ ತಳಿ ಮಾಡಿದರು.

ಸ್ತ್ರುನ್ನಿಕೊವ್ ಅವರ ತಳಿಗಳನ್ನು 1990ರ ದಶಕದಲ್ಲಿ ಚೀನಾ ಪಡೆದು, ಝೆಜಿಯಾಂಗ್ ಪ್ರಾಂತದಲ್ಲಿ ಗಂಡು ಮಾತ್ರದ ಮಿಶ್ರತಳಿಗಳನ್ನು ರೈತರಿಗೆ ತಲುಪಿಸಿತು. ಜಪಾನಿನಲ್ಲಿ ಓನುಮಾ ಅಕಿಯೊ ಪ್ಲಾಟಿನಂ ಬಾಯ್ ಎಂಬ ತಳಿ ತಂದರು. 2013ರಲ್ಲಿ ಚೀನಾದ ತಂಡವೊಂದು ಹೆಣ್ಣು ಭ್ರೂಣದಲ್ಲಿ ಮಾತ್ರ ಕೆಲಸ ಮಾಡುವ ಮಾರಕ ಜೀನನ್ನು ಕೃತಕವಾಗಿ ಜೋಡಿಸಿ, ಟೆಟ್ರಾಸೈಕ್ಲಿನ್ ಕೊಟ್ಟಾಗ ಅದು ಮಲಗುವಂತೆ ಮಾಡಿತು. ಮರುವರ್ಷವೇ ಟೋಕಿಯೊದ ಕತ್ಸುಮಾ ಅವರ ತಂಡ ಹೆಣ್ಣುತನದ ಆಜ್ಞೆ ಡಬ್ಲ್ಯುನಿಂದ ಬರುವ ಒಂದು ಪುಟ್ಟ ಆರ್‌ಎನ್‌ಎ ಎಂದೂ, ಅದು ಝಡ್ ಮೇಲಿನ ಮ್ಯಾಸ್ಕ್ಯುಲಿನೈಸರ್ ಜೀನಿನ ಸಂದೇಶವನ್ನು ಕತ್ತರಿಸುತ್ತದೆ ಎಂದೂ ಕಂಡುಹಿಡಿಯಿತು. ಗಂಡು ಭ್ರೂಣದಲ್ಲಿ ಆ ಜೀನನ್ನು ಅಡಗಿಸಿದರೆ ಎರಡು ಝಡ್‌ಗಳ ಕೆಲಸ ಅಂಕೆ ಮೀರಿ, ಸಾಯುವ ಸರದಿ ಗಂಡಿನದಾಗುತ್ತದೆ.

ಈ ಎಲ್ಲ ತಳಿಗಳಿಗೂ ಒಂದು ಸಾಮಾನ್ಯ ಕಷ್ಟವಿದೆ. ಅಂಕೋಲೆಯವರಿಗೆ ಅದನ್ನು ಕರಿ ಇಶಾಡು ಮಾವಿನಿಂದ ಹೇಳಿದರೆ ಬೇಗ ಅರ್ಥವಾದೀತು. ಒಳ್ಳೆಯ ಮರ ಸಿಕ್ಕರೆ ಕಸಿ ಕಟ್ಟಿದರಾಯಿತು, ಜೀನುಗಳ ಜೋಡಣೆ ಹಾಗೇ ಉಳಿಯುತ್ತದೆ. ರೇಷ್ಮೆ ಹುಳುವಿಗೆ ಕಸಿ ಇಲ್ಲ. ಗರ್ಭ ಕಟ್ಟದ ಮೊಟ್ಟೆಯನ್ನು 46 ಡಿಗ್ರಿಯ ಬಿಸಿನೀರಿನಲ್ಲಿ 18 ನಿಮಿಷ ಇಟ್ಟು ತಾಯಿಯ ಪ್ರತಿರೂಪ ಪಡೆಯುವ ವಿಧಾನವನ್ನು ಸೋವಿಯತ್ ವಿಜ್ಞಾನಿ ಬೋರಿಸ್ ಅಸ್ತೌರೊವ್ ಕಂಡುಕೊಂಡರು ನಿಜ, ಆದರೆ ಅದು ಎಲ್ಲ ತಳಿಗೂ ಒಗ್ಗುವುದಿಲ್ಲ. ಮಾರಕ ಜೀನಿನ ತಳಿ ಉಳಿಯಬೇಕಾದರೆ ಪ್ರತಿ ಪೀಳಿಗೆಯಲ್ಲೂ ಯಾರೋ ಕೂಡಿಸಬೇಕು, ಒಡೆಯದ ಮೊಟ್ಟೆ ಎಣಿಸಬೇಕು, ಯಾವ ಜೋಡಿ ಜೀನ್ ಹೊತ್ತಿದೆ ಎಂದು ಗುರುತಿಸಿ ಅದನ್ನೇ ಮುಂದಕ್ಕೆ ಒಯ್ಯಬೇಕು. ಒಂದು ಪೀಳಿಗೆ ತಪ್ಪಿದರೆ ತಳಿಯೇ ಹೋಯಿತು. ನಮ್ಮ ಗಡಿಯಾಚೆ, ಕನ್ನಡ ಮಾತಿನ ಜನ ಬಹಳವಿರುವ ಹೊಸೂರಿನಲ್ಲಿ 1991ರಿಂದ ಕೇಂದ್ರೀಯ ರೇಷ್ಮೆ ತಳಿಸಂಪನ್ಮೂಲ ಕೇಂದ್ರ ಈ ಬಗೆಯ ಕೆಲಸ ಮಾಡುತ್ತಿದೆ. ನೂರಾರು ತಳಿಗಳು ಅಲ್ಲಿವೆ. ಹೆಚ್ಚು ನೂಲು ಕೊಡುವ ತಳಿಗೆ ಸಿಗುವ ಗಮನ, ಸಾಯುವ ಜೀನನ್ನು ಕಾಯುವ ಕೆಲಸಕ್ಕೆ ಸಿಗುವುದು ಅಪರೂಪ. ಇದು ಸರಿಯಲ್ಲ ಎಂದು ನಾನು ಒತ್ತಿ ಹೇಳುತ್ತೇನೆ. ಲೆಮನ್ ಲೀಥಲ್ ಅನ್ನು ಯಾರೋ ದಶಕಗಳ ಕಾಲ, ಅದರ ಉಪಯೋಗ ಏನೆಂದು ಗೊತ್ತಿಲ್ಲದೆಯೇ, ಕಾದಿಟ್ಟರು. ಅದಕ್ಕೇ 2009ರಲ್ಲಿ ಅದರ ರಸಾಯನ ಬಿಡಿಸಲು ಹುಳು ಇತ್ತು.

ಗಂಡು ಮಾತ್ರದ ತಳಿ ಕರ್ನಾಟಕಕ್ಕೆ ಹೊಂದುತ್ತದೆಯೇ? ನಮ್ಮ ಮಿಶ್ರತಳಿಯ ತಾಯಿ ಮೈಸೂರು ತಳಿ, ತಂದೆ ದ್ವಿತಳಿ. ಸಮತೋಲಿತ ಮಾರಕಗಳು ತಂದೆಯಲ್ಲಿರಬೇಕಾದ್ದರಿಂದ ಮೈಸೂರು ತಳಿಯನ್ನು ಮುಟ್ಟಬೇಕಿಲ್ಲ. ಸಿಎಸ್‌ಆರ್2ರಂಥ ದ್ವಿತಳಿಯ ಗಂಡಿಗೆ ಆ ಎರಡು ಝಡ್‌ಗಳನ್ನು ಸಾಗಿಸಿದರೆ ಸಾಕು. ಇದು ಅನುಕೂಲ. ಅನನುಕೂಲ ಮೊಟ್ಟೆಯ ಲೆಕ್ಕದ್ದು: ಅರ್ಧ ಒಡೆಯುವುದಿಲ್ಲವಾದ್ದರಿಂದ ಅಷ್ಟೇ ಹುಳುವಿಗೆ ಎರಡರಷ್ಟು ತಾಯಿಚಿಟ್ಟೆ, ಎರಡರಷ್ಟು ಬಿತ್ತನೆ ಗೂಡು ಬೇಕು. ಈಗ ಬಹಳಷ್ಟು ರೈತರು ಮೊಟ್ಟೆ ಕೊಳ್ಳದೆ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳುವನ್ನೇ ಒಯ್ಯುವುದರಿಂದ ಆ ನಷ್ಟ ನೇರವಾಗಿ ರೈತನ ಮೇಲೆ ಬೀಳುವುದಿಲ್ಲ, ಬಿತ್ತನೆ ಕೋಠಿಯ ಮೇಲೆ ಬೀಳುತ್ತದೆ. ಕೊನೆಗೆ ಚಾಕಿಯ ಬೆಲೆಯಲ್ಲಿ ಸೇರುತ್ತದೆ. ಗಂಡು ಗೂಡಿನ ಹೆಚ್ಚುವರಿ ನೂಲು, ಎಳೆಯ ನಯಕ್ಕೆ ರಾಮನಗರದ ಮಾರುಕಟ್ಟೆಯಲ್ಲಿ ಬಿಚ್ಚಾಣಿಕೆದಾರರು ಕೊಡಲು ಒಪ್ಪುವ ದರ ಆ ಹೆಚ್ಚಳವನ್ನು ಮೀರಬೇಕು. ಅದನ್ನು ತಿಳಿಯಲು ಒಂದೇ ಹಂಗಾಮಿನಲ್ಲಿ, ಒಂದೇ ತೋಟದ ಸೊಪ್ಪಿನಲ್ಲಿ, ಗಂಡು ಮಾತ್ರದ ಬೆಳೆಯನ್ನೂ ಎಂದಿನ ಮಿಶ್ರತಳಿಯನ್ನೂ ಅಕ್ಕಪಕ್ಕ ಸಾಕಿ, ಸೊಪ್ಪಿನ ತೂಕದಿಂದ ನೂಲಿನ ತೂಕದವರೆಗೆ ಎಲ್ಲವನ್ನೂ ಬರೆದಿಡಬೇಕು. ಮುಂಗಾರಿನಲ್ಲಿ ಒಮ್ಮೆ, ಬೇಸಿಗೆಯಲ್ಲಿ ಇನ್ನೊಮ್ಮೆ.